ಕಣ್ಣಿನ ಮೇಲೆ ಗೆರೆ ಎಳೆದ ಡಾಕ್ಟರು

ಲಾಸಿಕ್ ಅಂದ್ರೆ ಏನು ಅಂತ ನಮ್ಮ ಬ್ಯಾಚಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅರ್ಧ ಕ್ಲಾಸಿಗೆ ಕನ್ನಡಕ ಇದೆ. ಕೆಲಸ ಸಿಕ್ಕಿದ ಕೂಡಲೇ ಲೇಸರ್ ಮಾಡಿಸಿಕೊಂಡು ಈ ಸೋಡಾ ಗ್ಲಾಸಿಗೆ ವಿದಾಯ ಹೇಳ್ತೀವಿ ಅಂತ ಲೆಕ್ಕ ಹಾಕಿಟ್ಟುಕೊಂಡವರೂ ನಮ್ಮಲ್ಲಿ ಇದ್ದೀವಿ. ಆದರೆ ಲೇಸರ್ ಬರುವುದಕ್ಕೂ ಮುಂಚೆ, ಬರೀ ಒಂದು ಚೂಪಾದ ಬ್ಲೇಡಿನಿಂದ ಮೈನಸ್ ಪವರ್ ಇಳಿಸುತ್ತಿದ್ದ ಒಬ್ಬ ಡಾಕ್ಟರು ಇದ್ದರು. ಅವರ ವಿಧಾನದಲ್ಲಿ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಜನ ಆಪರೇಷನ್ ಮಾಡಿಸಿಕೊಂಡರು. ರಷ್ಯಾದಲ್ಲಿ ಅವರ ಹೆಸರು ಮನೆಮಾತು, ನಮ್ಮಲ್ಲಿ ಕೇಳಿದವರು ಕಡಿಮೆ. ಅವರ ಬದುಕನ್ನೂ, ಅವರು ಬಿಟ್ಟುಹೋದ ಒಂದು ಬಾಕಿ ಲೆಕ್ಕವನ್ನೂ ಇಲ್ಲಿ ಹೇಳ್ತೀವಿ. ಬಾಕಿ ಅಂದ್ರೆ ದುಡ್ಡಿನ ಬಾಕಿಯಲ್ಲ, ಕಣ್ಣಿನಲ್ಲಿ ಉಳಿದುಕೊಂಡ ಪವರಿನ ಬಾಕಿ.

ಸ್ವ್ಯಾತೊಸ್ಲಾವ್ ನಿಕೊಲಾಯೆವಿಚ್ ಫ್ಯೊದೊರೊವ್ ಹುಟ್ಟಿದ್ದು 1927ರ ಆಗಸ್ಟ್ 8ರಂದು, ಆಗಿನ ಸೋವಿಯತ್ ಉಕ್ರೇನಿನ ಪ್ರೊಸ್ಕುರೊವ್ ಎಂಬ ಊರಿನಲ್ಲಿ. ಈಗ ಆ ಊರಿಗೆ ಖ್ಮೆಲ್ನಿತ್ಸ್ಕಿ ಅಂತ ಹೆಸರು. ಅಪ್ಪ ಕೆಂಪು ಸೇನೆಯಲ್ಲಿ ದೊಡ್ಡ ಅಧಿಕಾರಿ. 1938ರಲ್ಲಿ, ಸ್ಟಾಲಿನ್ ಕಾಲದ ಬಂಧನಗಳ ಭರಾಟೆಯಲ್ಲಿ, ಅಪ್ಪನನ್ನು ಹಿಡಿದುಕೊಂಡು ಹೋದರು. ಶಿಕ್ಷೆ 17 ವರ್ಷ. ನಿನ್ನೆ ತನಕ ಸೇನಾಧಿಕಾರಿಯ ಮಗ ಅಂತ ಮರ್ಯಾದೆ ಪಡೆದಿದ್ದ ಹುಡುಗನನ್ನು ಇವತ್ತು ದೇಶದ್ರೋಹಿಯ ಮಗ ಅಂತ ನೋಡುವುದು ಶುರುವಾಯಿತು. ಆ ಕಾಲದ ಸೋವಿಯತ್ ದೇಶದಲ್ಲಿ ಇಂಥ ಮನೆಗಳು ಒಂದೆರಡಲ್ಲ.

ಹುಡುಗನಿಗೆ ಪೈಲಟ್ ಆಗುವ ಹುಚ್ಚು. ಯುದ್ಧ ನಡೆಯುತ್ತಿದ್ದಾಗಲೇ ಸೇನೆಯ ಪೂರ್ವತಯಾರಿ ಶಾಲೆ ಸೇರಿದ, ವಿಮಾನದಳದ ದಾರಿ ಹಿಡಿದ. 1945ರಲ್ಲಿ ಒಂದು ದಿನ ಹೊರಟಿದ್ದ ಟ್ರಾಮ್ ಹಿಡಿಯಲು ಹೋಗಿ ಜಾರಿ ಚಕ್ರದಡಿ ಬಿದ್ದ. ಒಂದು ಕಾಲಿನ ಕೆಳಭಾಗ ಹೋಯಿತು. ವಯಸ್ಸು 18 ಕೂಡ ತುಂಬಿರಲಿಲ್ಲವೋ ಏನೋ, ಅಂದ್ರೆ ನಮಗಿಂತ ಚಿಕ್ಕವನು. ಪೈಲಟ್ ಕನಸು ಅಲ್ಲಿಗೆ ಮುಗಿಯಿತು. ರೊಸ್ತೊವ್ ಮೆಡಿಕಲ್ ಕಾಲೇಜು ಸೇರಿ 1952ರಲ್ಲಿ ಡಾಕ್ಟರಾಗಿ ಹೊರಬಂದರು. ಮುಂದೆ ಕೃತಕ ಕಾಲು ಹಾಕಿಕೊಂಡೇ ಈಜಿದರು, ಕುದುರೆ ಸವಾರಿ ಮಾಡಿದರು, ವಯಸ್ಸಾದ ಮೇಲೆ ವಿಮಾನ ಹಾರಿಸುವುದನ್ನೂ ಕಲಿತರು. ಒಂದನ್ನು ಹಿಡಿದರೆ ಬಿಡುವ ಜಾಯಮಾನ ಅಲ್ಲ ಅನ್ನೋದು ಇದರಿಂದಲೇ ಗೊತ್ತಾಗುತ್ತೆ.

ಮೊದಲ ಕೆಲಸ ಡಾನ್ ನದಿ ದಂಡೆಯ ವೆಶೆನ್ಸ್ಕಾಯಾ ಎಂಬ ಹಳ್ಳಿಯಲ್ಲಿ. ಆಮೇಲೆ ಉರಾಲ್ ಸೀಮೆಯ ಲಿಸ್ವಾ ಎಂಬ ಕಾರ್ಖಾನೆ ಊರು. 1958ರಲ್ಲಿ ವೋಲ್ಗಾ ದಂಡೆಯ ಚೆಬೊಕ್ಸಾರಿ ಊರಿನ ಕಣ್ಣಿನ ಸಂಸ್ಥೆ ಸೇರಿದರು. ನಿಜವಾದ ಕಥೆ ಶುರುವಾಗುವುದು ಇಲ್ಲಿ.

ಆಗ ಕಣ್ಣಿನ ಪೊರೆ ಬಂದರೆ ಕಣ್ಣಿನೊಳಗಿನ ಲೆನ್ಸನ್ನು ತೆಗೆದುಬಿಡುತ್ತಿದ್ದರು. ಅದರ ಜಾಗಕ್ಕೆ ಬೇರೇನೂ ಇಡುತ್ತಿರಲಿಲ್ಲ. ರೋಗಿ ಉಳಿದ ಜೀವನವನ್ನು ದಪ್ಪ ಪ್ಲಸ್ ಗ್ಲಾಸ್ ಹಾಕಿಕೊಂಡು ಕಳೆಯಬೇಕಿತ್ತು. ನಮ್ಮ ಮುತ್ತಜ್ಜಿಯರ ಹಳೇ ಫೋಟೋಗಳಲ್ಲಿ ಕಣ್ಣು ದೊಡ್ಡದಾಗಿ ಕಾಣುವ ಕನ್ನಡಕ ನೋಡಿದ್ದೀರಲ್ಲ, ಅದೇ. ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಯುದ್ಧವಿಮಾನದ ಕಿಟಕಿ ಒಡೆದು ಪ್ಲಾಸ್ಟಿಕ್ ಚೂರು ಪೈಲಟ್ ಕಣ್ಣಿನಲ್ಲಿ ಉಳಿದರೂ ಕಣ್ಣು ಅದನ್ನು ಸಹಿಸಿಕೊಳ್ಳುತ್ತಿತ್ತು. ಇದನ್ನು ನೋಡಿದ ಅವರು ಅಂಥದೇ ಪ್ಲಾಸ್ಟಿಕ್‌ನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಕಣ್ಣಿನೊಳಗೆ ಕೂರಿಸಿದರು. ಫ್ಯೊದೊರೊವ್ 1960ರಲ್ಲಿ ಅದನ್ನೇ ಸೋವಿಯತ್ ಒಕ್ಕೂಟದಲ್ಲಿ ಮೊದಲ ಬಾರಿಗೆ ಮಾಡಿದರು, ಅದೂ ಒಬ್ಬಳು ಶಾಲೆ ಹುಡುಗಿಗೆ. ಆಪರೇಷನ್ ಯಶಸ್ವಿಯಾಯಿತು. ಡಾಕ್ಟರನ್ನು ಕೆಲಸದಿಂದ ತೆಗೆದುಹಾಕಿದರು!

ಕಣ್ಣಿನೊಳಗೆ ಪ್ಲಾಸ್ಟಿಕ್ ಇಡುವುದು ದೇಹಧರ್ಮಕ್ಕೆ ವಿರುದ್ಧ ಅನ್ನೋದು ಮೇಲಿನವರ ವಾದ. ಇಜ್ವೆಸ್ತಿಯಾ ಪತ್ರಿಕೆಯ ಅನತೋಲಿ ಅಗ್ರನೊವ್ಸ್ಕಿ ಎಂಬ ಪತ್ರಕರ್ತರು ಅವರ ಬೆನ್ನಿಗೆ ನಿಂತ ಮೇಲೆ ಕೆಲಸ ವಾಪಸ್ ಬಂತು. ಆದರೆ ಆ ಊರಲ್ಲಿ ಇರಲಿಲ್ಲ. 1961ರಲ್ಲಿ ಉತ್ತರದ ತುದಿಯ ಅರ್ಖಾಂಗೆಲ್ಸ್ಕ್ ಮೆಡಿಕಲ್ ಕಾಲೇಜಿಗೆ ಹೋದರು, 1967ರಲ್ಲಿ ಮಾಸ್ಕೋಗೆ ಬಂದರು. ಅದೇ 1967ರಲ್ಲಿ ಇನ್ನೊಬ್ಬರ ಜೊತೆ ಸೇರಿ ಒಂದು ಸೂತ್ರ ಪ್ರಕಟಿಸಿದರು. ಕಣ್ಣುಗುಡ್ಡೆಯ ಉದ್ದ, ಕಾರ್ನಿಯಾದ ಬಾಗು, ಲೆನ್ಸ್ ಕೂರುವ ಜಾಗ ಇವಿಷ್ಟನ್ನು ಹಾಕಿದರೆ ಯಾವ ಪವರಿನ ಲೆನ್ಸ್ ಬೇಕು ಅಂತ ಲೆಕ್ಕ ಸಿಗುತ್ತೆ. ಈ ಬಗೆಯ ಸೂತ್ರಗಳಲ್ಲಿ ಇದೇ ಮೊದಲನೆಯದು. ಈ ಸೂತ್ರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ. ಅವರ ತಂಡದ ಒಂದು ಲೆನ್ಸಿಗೆ ಸುತ್ತ ಚಾಚಿಕೊಂಡ ಕುಣಿಕೆ, ಕಡ್ಡಿಗಳಿದ್ದವು. ಉಪಗ್ರಹದ ಹಾಗೆ ಕಾಣುತ್ತೆ ಅಂತ ಅದಕ್ಕೆ ಸ್ಪುಟ್ನಿಕ್ ಅನ್ನೋ ಹೆಸರೇ ಬಿತ್ತು.

ಈಗ ಮೈನಸ್ ಪವರ್ ವಿಷಯಕ್ಕೆ ಬರೋಣ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕಣ್ಣಿನ ಒಟ್ಟು ಫೋಕಸ್ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು, ಅಂದಾಜು 43 ಡಯಾಪ್ಟರ್, ಇದರದ್ದೇ. ಸಮೀಪದೃಷ್ಟಿ ಇರುವವರ ಕಣ್ಣುಗುಡ್ಡೆ ಉದ್ದವಾಗಿರುತ್ತೆ, ಇಲ್ಲವೇ ಕಾರ್ನಿಯಾ ಹೆಚ್ಚು ಉಬ್ಬಿರುತ್ತೆ. ಬೆಳಕು ರೆಟಿನಾ ತಲುಪುವ ಮೊದಲೇ ಫೋಕಸ್ ಆಗಿಬಿಡುತ್ತೆ. ಹಾಗಾದರೆ ಕಾರ್ನಿಯಾದ ನಡುಭಾಗವನ್ನು ಒಂಚೂರು ಚಪ್ಪಟೆ ಮಾಡಿದರೆ? ಈ ಯೋಚನೆ ಫ್ಯೊದೊರೊವ್ ಅವರದ್ದೇ ಅಲ್ಲ. ಡಚ್ ವಿಜ್ಞಾನಿ ಲಾನ್ಸ್ 1898ರಲ್ಲೇ ಮೊಲಗಳ ಕಣ್ಣಿನ ಮೇಲೆ ಗೆರೆ ಕೊಯ್ದು ನೋಡಿದ್ದರು. ಜಪಾನಿನ ಸಾತೊ ಮನುಷ್ಯರಿಗೇ ಮಾಡಿದರು, ಆದರೆ ಕಾರ್ನಿಯಾದ ಒಳಮೈಯನ್ನೂ ಕೊಯ್ದರು. ಆ ಒಳಮೈಯ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ಅನ್ನೋದರ ಮಹತ್ವ ಆಗ ತಿಳಿದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಕಣ್ಣುಗಳು ಊದಿಕೊಂಡು ಮಸುಕಾದವು. ಸೋವಿಯತ್ ಒಕ್ಕೂಟದಲ್ಲೇ ಯೆನಲೆಯೆವ್ ಎಂಬ ಡಾಕ್ಟರು 60ರ ದಶಕದಲ್ಲಿ ಹೊರಮೈಯಲ್ಲಷ್ಟೇ ಗೆರೆ ಕೊಯ್ದು ನೋಡಿದ್ದರು.

ಒಂದು ಕಥೆ ಎಲ್ಲ ಕಡೆ ಹೇಳ್ತಾರೆ. ಮೈನಸ್ ಪವರಿನ ಹುಡುಗನೊಬ್ಬನ ಕನ್ನಡಕ ಒಡೆದು ಗಾಜಿನ ಚೂರು ಕಾರ್ನಿಯಾ ಗೀರಿತು, ಗಾಯ ಮಾಗಿದ ಮೇಲೆ ನೋಡಿದರೆ ಪವರ್ ಕಡಿಮೆಯಾಗಿತ್ತು, ಇದನ್ನು ನೋಡಿ ಫ್ಯೊದೊರೊವ್ ಅವರಿಗೆ ಹೊಳೆಯಿತು ಅಂತ. ನ್ಯೂಟನ್ ಸೇಬಿನ ಥರದ ಕಥೆ. ಕೇಳೋದಕ್ಕೆ ಚೆನ್ನಾಗಿದೆ, ಆದರೆ ಮೇಲಿನ ಮೂರು ಹೆಸರು ನೋಡಿದ ಮೇಲೆ ಪೂರ್ತಿ ಶ್ರೇಯಸ್ಸನ್ನು ಆ ಗಾಜಿನ ಚೂರಿಗೆ ಕೊಡೋಕೆ ನಮಗಂತೂ ಮನಸ್ಸಿಲ್ಲ. 1974ರ ಹೊತ್ತಿಗೆ ಶುರುವಾದ ಈ ಆಪರೇಷನ್ನಿನಲ್ಲಿ ಅವರ ನಿಜವಾದ ಕೊಡುಗೆ ಬೇರೆ. ಕೈಚಳಕದ ಕೆಲಸವನ್ನು ಅವರು ಲೆಕ್ಕದ ಕೆಲಸ ಮಾಡಿದರು.

ಹೇಗೆ ಅಂತೀರಾ? ಕಾರ್ನಿಯಾದ ನಡುವೆ 3 ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಸ್ವಲ್ಪ ಅಗಲದ ವೃತ್ತವನ್ನು ಮುಟ್ಟದೆ ಬಿಡೋದು. ಅದರ ಸುತ್ತ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಗೆರೆ ಕೊಯ್ಯೋದು. ಗೆರೆಯ ಆಳ ಕಾರ್ನಿಯಾ ದಪ್ಪದ ಸುಮಾರು 90%. ಕಣ್ಣಿನೊಳಗಿನ ಒತ್ತಡ ದುರ್ಬಲವಾದ ಅಂಚನ್ನು ಹೊರಕ್ಕೆ ತಳ್ಳುತ್ತೆ, ಅಂಚು ಉಬ್ಬಿದರೆ ನಡುಭಾಗ ತಾನಾಗಿ ಚಪ್ಪಟೆಯಾಗುತ್ತೆ. ನಡುವಿನ ವೃತ್ತ ಚಿಕ್ಕದಾದಷ್ಟೂ ಪರಿಣಾಮ ಹೆಚ್ಚು. ಮೊದಲು 16 ಗೆರೆ ಹಾಕುತ್ತಿದ್ದರು, ಬರಬರುತ್ತಾ 8, ಆಮೇಲೆ 4 ಕೂಡ ಸಾಕಾಯಿತು. ವೃತ್ತದ ಅಗಲ, ಗೆರೆಗಳ ಸಂಖ್ಯೆ, ಆಳ ಎಲ್ಲವನ್ನೂ ಸಹೋದ್ಯೋಗಿ ದುರ್ನೆವ್ ಜೊತೆ ಸೇರಿ ಲೆಕ್ಕಕ್ಕೆ ಇಳಿಸಿದರು. ಇದಕ್ಕೆ ರೇಡಿಯಲ್ ಕೆರಟಾಟಮಿ ಅಂತ ಹೆಸರು, ಚಿಕ್ಕದಾಗಿ ಆರ್‌ಕೆ. ಅರ್ಧ ಮಿಲಿಮೀಟರ್ ದಪ್ಪದ ಗೋಡೆಯಲ್ಲಿ 90% ಕೊಯ್ದು ಉಳಿದ 10% ಬಿಡೋದು ಅಂದ್ರೆ ಎಷ್ಟು ಸೂಕ್ಷ್ಮ ಅಂತ ವರ್ಕ್‌ಶಾಪಿನಲ್ಲಿ ಫೈಲಿಂಗ್ ಮಾಡಿದವರಿಗೆ ಹೇಳಬೇಕಾಗಿಲ್ಲ. ನಮ್ಮ ಜಾಬ್ ಪೀಸ್‌ಗಳಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆದ್ರೆ ಲ್ಯಾಬ್ ಸರ್ ಬೈದು ಸುಮ್ನಾಗ್ತಾರೆ!

ಲೆಕ್ಕ ಕೈಗೆ ಬಂದ ಮೇಲೆ ಅವರ ತಲೆ ಕಾರ್ಖಾನೆಯ ಕಡೆ ಓಡಿತು. 1980ರಲ್ಲಿ ಮಾಸ್ಕೋದಲ್ಲಿ ಅವರದ್ದೇ ಕಣ್ಣಿನ ಮೈಕ್ರೋಸರ್ಜರಿ ಸಂಸ್ಥೆ ಆಯಿತು, 1986ರಲ್ಲಿ ದೇಶದ ಹಲವು ಊರುಗಳಲ್ಲಿ ಶಾಖೆಗಳಿರುವ ದೊಡ್ಡ ಸಂಕೀರ್ಣವಾಗಿ ಬೆಳೆಯಿತು. ಅಲ್ಲಿ ರೋಗಿಗಳನ್ನು ಮಲಗಿಸಿದ ಮೇಜುಗಳೇ ಚಲಿಸುತ್ತಿದ್ದವು. ಒಬ್ಬ ಸರ್ಜನ್ ಒಂದು ಹಂತ ಮುಗಿಸುತ್ತಿದ್ದಂತೆ ಮೇಜು ಮುಂದಿನವರ ಹತ್ತಿರ ಹೋಗುತ್ತಿತ್ತು. ಅತಿ ಸೂಕ್ಷ್ಮವಾದ ಹಂತ ಅತಿ ಅನುಭವಿಯ ಪಾಲು. ಕಾರು ತಯಾರಾಗುವ ಅಸೆಂಬ್ಲಿ ಲೈನ್ ಇದ್ದಂತೆ. ಕರ್ನಾಟಕದವರಿಗೆ ಇಲ್ಲಿ ಡಾ. ಎಂ. ಸಿ. ಮೋದಿ ನೆನಪಾಗದೇ ಇರಲ್ಲ, ಊರೂರಿನಲ್ಲಿ ಶಿಬಿರ ಹಾಕಿ ಸಾಲುಸಾಲಾಗಿ ಮಲಗಿಸಿದ ರೋಗಿಗಳಿಗೆ ಪೊರೆ ತೆಗೆದವರು. ಮೋದಿಯವರ ಸಾಲಿನಲ್ಲಿ ಡಾಕ್ಟರು ನಡೆಯುತ್ತಿದ್ದರು, ಫ್ಯೊದೊರೊವ್ ಸಾಲಿನಲ್ಲಿ ರೋಗಿಯೇ ಸಾಗುತ್ತಿದ್ದ. ಸಂಸ್ಥೆಗೆ ಸ್ವಂತ ಗಳಿಕೆಯಿಂದ ಸಂಬಳ ಹಂಚುವ ಸ್ವಾತಂತ್ರ್ಯ ಸಿಕ್ಕಿತ್ತು, ಸೋವಿಯತ್ ವ್ಯವಸ್ಥೆಯಲ್ಲಿ ಅದು ಅಪರೂಪ. ಒಂದು ಹಡಗನ್ನೇ ಆಸ್ಪತ್ರೆ ಮಾಡಿ ಪರದೇಶದ ಬಂದರುಗಳಿಗೂ ಕಳಿಸಿದರು. ಇದೆಲ್ಲ ಜಾಸ್ತಿ ಆಡಂಬರ ಅಂತ ಮೂಗು ಮುರಿದ ಡಾಕ್ಟರುಗಳೂ ಬಹಳ ಇದ್ದರು. ಅವರ ಅನುಮಾನ ಪೂರ್ತಿ ಹೊಟ್ಟೆಕಿಚ್ಚೇನೂ ಆಗಿರಲಿಲ್ಲ.

ಅಮೆರಿಕದ ಲಿಯೊ ಬೋರೆಸ್ ಮಾಸ್ಕೋಗೆ ಬಂದು ಇದನ್ನು ನೋಡಿ, 1978ರಲ್ಲಿ ತಮ್ಮ ದೇಶದಲ್ಲಿ ಶುರುಮಾಡಿದರು. ಅಲ್ಲಿ ಜನ ಮುಗಿಬಿದ್ದರು. ಇದನ್ನು ಸರಿಯಾಗಿ ಅಳೆದು ನೋಡೋಣ ಅಂತ 80ರ ದಶಕದ ಆರಂಭದಲ್ಲಿ 9 ಕೇಂದ್ರಗಳಲ್ಲಿ ಪರ್ಕ್ ಎಂಬ ದೊಡ್ಡ ಅಧ್ಯಯನ ಶುರುವಾಯಿತು. ಹತ್ತು ವರ್ಷದ ಫಲಿತಾಂಶ 1994ರಲ್ಲಿ ಬಂತು. 85% ಕಣ್ಣುಗಳಿಗೆ ಕನ್ನಡಕವಿಲ್ಲದೆ ಒಳ್ಳೆಯ ದೃಷ್ಟಿ. ಚೆನ್ನಾಗೇ ಇದೆ ಅಲ್ವಾ? ಆದರೆ ಗುರಿಯಿಂದ 1 ಡಯಾಪ್ಟರ್ ಒಳಗೆ ಬಂದಿದ್ದು 60% ಮಾತ್ರ. ಇನ್ನೂ ಚಿಂತೆಯ ವಿಷಯ, ಆಪರೇಷನ್ ಆಗಿ 6 ತಿಂಗಳಿನಿಂದ 10 ವರ್ಷದ ನಡುವೆ 43% ಕಣ್ಣುಗಳು 1 ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ಪ್ಲಸ್ ಕಡೆಗೆ ಸರಿದಿದ್ದವು. ಕೊಯ್ದ ಗೆರೆ ಮಾಗಿದಂತೆ ಕಂಡರೂ ಕಾರ್ನಿಯಾ ಒಳಗೊಳಗೇ ಚಪ್ಪಟೆಯಾಗುತ್ತಾ ಹೋಗುತ್ತಿತ್ತು.

ಅಂದರೆ ಆರ್‌ಕೆ ಮಾಡಿಸಿಕೊಂಡವರಲ್ಲಿ ಎರಡು ಥರ ತೊಂದರೆ. ಕೆಲವರಿಗೆ ಮೈನಸ್ ಪೂರ್ತಿ ಇಳಿಯಲಿಲ್ಲ. ಮೊದಲೇ ಪವರ್ ಜಾಸ್ತಿ ಇದ್ದವರು, ವಯಸ್ಸು ಚಿಕ್ಕದಿದ್ದವರು, ಗೆರೆ ಸಾಕಷ್ಟು ಆಳ ಹೋಗದವರು ಈ ಗುಂಪಿಗೆ ಸೇರುತ್ತಾರೆ. ಇನ್ನು ಕೆಲವರು ಪ್ಲಸ್ ಕಡೆ ಜಾರಿದರು. ಮೊದಲ ಗುಂಪಿನವರಿಗೆ ಇನ್ನಷ್ಟು ಗೆರೆ ಕೊಯ್ಯಬಹುದಿತ್ತು, ಕೊಯ್ಯುತ್ತಲೂ ಇದ್ದರು. ಆದರೆ ಆಗಲೇ ಬಲ ಕಳೆದುಕೊಂಡ ಗೋಡೆಗೆ ಮತ್ತೆ ಬ್ಲೇಡ್ ಹಾಕೋದು ಎಷ್ಟು ಸಲ?

ಬ್ಲೇಡಿಗೆ ಬದಲಿ ಬಂದಿದ್ದು ಕಣ್ಣಾಸ್ಪತ್ರೆಯಿಂದಲ್ಲ, ಕಂಪ್ಯೂಟರ್ ಕಂಪನಿಯಿಂದ. ಮದರಾಸಿನಲ್ಲಿ ಹುಟ್ಟಿ ಬೆಳೆದ ರಸಾಯನಶಾಸ್ತ್ರಜ್ಞ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದರು. ಪ್ಲಾಸ್ಟಿಕ್ ಮೇಲೆ ಎಕ್ಸೈಮರ್ ಲೇಸರ್ ಬಿಟ್ಟು ನಯವಾಗಿ ಕೊರೆಯುವುದು ಅವರ ಕೆಲಸ. 1981ರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಊಟದಲ್ಲಿ ಮಿಕ್ಕಿದ್ದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದು ಅದರ ಮೇಲೆ 193 ನ್ಯಾನೋಮೀಟರ್ ಲೇಸರ್ ಬಿಟ್ಟರು. ಸುಡಲಿಲ್ಲ, ಕರಕಲಾಗಲಿಲ್ಲ. ಅಂಚು ಗೆರೆ ಎಳೆದಷ್ಟು ನೀಟು. ಈ ಬೆಳಕಿನ ಒಂದೊಂದು ಫೋಟಾನ್‌ಗೂ ಸುಮಾರು 6.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಕಾಯಿಸುವ ಗೊಡವೆ ಇಲ್ಲದೆ ಅಣುಗಳ ಬಂಧವನ್ನೇ ಕತ್ತರಿಸಿಬಿಡುತ್ತೆ. ಕಣ್ಣಿನ ಡಾಕ್ಟರು ಸ್ಟೀಫನ್ ಟ್ರೋಕೆಲ್ ಅವರ ಜೊತೆಗೂಡಿ ಇದನ್ನು ಕಾರ್ನಿಯಾ ಮೇಲೆ ಪ್ರಯೋಗಿಸಿ 1983ರಲ್ಲಿ ಪ್ರಕಟಿಸಿದರು. ಮೊದಮೊದಲು ಲೇಸರಿನಿಂದಲೂ ಆರ್‌ಕೆ ಗೆರೆಗಳನ್ನೇ ಕೊಯ್ಯೋಣ ಅನ್ನೋ ಯೋಚನೆ ಇತ್ತು. ಆಮೇಲೆ ಅದನ್ನು ಬಿಟ್ಟು ಕಾರ್ನಿಯಾದ ಮೇಲ್ಮೈಯನ್ನೇ ಸವೆಸಿ ಹೊಸ ಬಾಗು ಕೊಡುವ ದಾರಿ ಹಿಡಿದರು. ಅದೇ ಪಿಆರ್‌ಕೆ. 1995ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ಲೇಸರಿನ ಲೆಕ್ಕ ನಮ್ಮಂಥವರಿಗೆ ಸಲೀಸು. ಚಿಕಿತ್ಸೆಯ ವೃತ್ತದ ವ್ಯಾಸವನ್ನು ಮಿಲಿಮೀಟರಿನಲ್ಲಿ ತಗೊಂಡು ವರ್ಗ ಮಾಡಿ, ಡಯಾಪ್ಟರಿನಿಂದ ಗುಣಿಸಿ, 3ರಿಂದ ಭಾಗಿಸಿದರೆ ಎಷ್ಟು ಮೈಕ್ರಾನ್ ಸವೆಸಬೇಕು ಅಂತ ಅಂದಾಜು ಸಿಗುತ್ತೆ. 6 ಮಿಲಿಮೀಟರ್ ವೃತ್ತಕ್ಕೆ ಪ್ರತಿ ಡಯಾಪ್ಟರಿಗೆ 12 ಮೈಕ್ರಾನ್. ಆರ್‌ಕೆ ಆದ ಮೇಲೆ ಮೈನಸ್ 2 ಉಳಿದಿದೆ ಅಂದುಕೊಳ್ಳಿ, 24 ಮೈಕ್ರಾನ್ ಸವೆಸಿದರೆ ಮುಗೀತು. ಒಂದು ಕೂದಲಿನ ದಪ್ಪವೂ ಇಲ್ಲ.

ಮುಗೀತು ಅಂತ ಹೇಳಿದ್ವಿ, ಕಾಗದದ ಮೇಲೆ ಅಷ್ಟೇ. ಮೊದಲ ಸಮಸ್ಯೆ, ಯಾವ ಪವರನ್ನು ಸರಿಮಾಡೋದು? ರಾತ್ರಿ ರೆಪ್ಪೆ ಮುಚ್ಚಿದ್ದಾಗ ಕಾರ್ನಿಯಾಗೆ ಗಾಳಿ ಕಮ್ಮಿ, ಗೆರೆಗಳ ಸುತ್ತ ಒಂಚೂರು ಊದುತ್ತೆ, ನಡುಭಾಗ ಇನ್ನಷ್ಟು ಚಪ್ಪಟೆಯಾಗುತ್ತೆ. ಬೆಳಿಗ್ಗೆ ಒಂದು ಪವರ್, ಸಂಜೆ ಅದಕ್ಕಿಂತ ಹೆಚ್ಚು ಮೈನಸ್. ಹಾಗಾಗಿ ಇಂಥವರ ಕಣ್ಣನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ದಿನ ಅಳೆಯಬೇಕು. ಇದು ಎಷ್ಟು ವಿಪರೀತಕ್ಕೆ ಹೋಗಬಹುದು ಅನ್ನೋದಕ್ಕೆ ಎವರೆಸ್ಟ್ ಸಾಕ್ಷಿ. 1996ರ ಮೇ ತಿಂಗಳ ದುರಂತದಲ್ಲಿ ಬದುಕಿ ಬಂದ ಬೆಕ್ ವೆದರ್ಸ್ ಅವರಿಗೆ ಆರ್‌ಕೆ ಆಗಿತ್ತು. ಆಮ್ಲಜನಕ ಕಡಿಮೆಯಿದ್ದ ಆ ಎತ್ತರದಲ್ಲಿ ಅವರ ಕಣ್ಣು ಮಂಜಾಗಿ, ದಾರಿ ಕಾಣದೆ ನಡುವೆಯೇ ನಿಂತುಬಿಟ್ಟಿದ್ದರು.

ಎರಡನೇ ಸಮಸ್ಯೆ ಲಾಸಿಕ್‌ನದ್ದು. ಲಾಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಪುಸ್ತಕದ ಹಾಳೆ ಥರ ಮಡಚಿ ಎತ್ತಿ ಕೆಳಗೆ ಲೇಸರ್ ಬಿಡುತ್ತಾರೆ. ಆರ್‌ಕೆ ಗೆರೆಗಳಿರುವ ಹಾಳೆಯನ್ನು ಎತ್ತಿದರೆ ಗೆರೆಗುಂಟ ಪಿಜ್ಜಾ ತುಂಡಿನ ಹಾಗೆ ಬಿಟ್ಟುಕೊಳ್ಳಬಹುದು. ಆ ಸಂದಿನಿಂದ ಮೇಲ್ಮೈಯ ಜೀವಕೋಶಗಳು ಒಳಗೆ ನುಗ್ಗಿ ಬೆಳೆಯಬಹುದು. ಅದಕ್ಕೆ ಹಾಳೆ ಎತ್ತುವ ತಂಟೆಯೇ ಇಲ್ಲದ ಪಿಆರ್‌ಕೆ ಕಡೆಗೆ ಡಾಕ್ಟರುಗಳ ಒಲವು ಹೆಚ್ಚು. ಅದರಲ್ಲಿ ಇನ್ನೊಂದು ಅಪಾಯ: ಹೀಗೆ ಮೊದಲೇ ಕೊಯ್ದ ಕಾರ್ನಿಯಾ, ಸವೆಸಿದ ಮೇಲೆ ಮಸುಕು ಕಟ್ಟಿಕೊಳ್ಳುವ ಸಾಧ್ಯತೆ ಜಾಸ್ತಿ. ಅದನ್ನು ತಡೆಯಲು ಮೈಟೊಮೈಸಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ತೀರಾ ತೆಳು ಮಾಡಿ, ಸ್ವಲ್ಪ ಹೊತ್ತು ಮೇಲೆ ಇಟ್ಟು ತೊಳೆಯುತ್ತಾರೆ.

ಮೂರನೆಯದು ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ್ದು. ಉಳಿದ ಮೈನಸ್ಸನ್ನು ಲೇಸರ್ ಸೊನ್ನೆಗೆ ತರಬಹುದು, ಆದರೆ ಗೆರೆಗಳಿಂದ ಹೋದ ಬಲವನ್ನು ವಾಪಸ್ ಕೊಡಲಾರದು. ಆ ಕಣ್ಣು ಮುಂದೆಯೂ ಪ್ಲಸ್ ಕಡೆ ಸರಿಯುತ್ತಿದ್ದರೆ, ಇವತ್ತು ಬೇಡ ಅನಿಸುವ ಮೈನಸ್ ಒಂದು ನಾಳೆಯ ಉಳಿತಾಯ. ಹತ್ತು ವರ್ಷದಲ್ಲಿ ಅದೇ ಕರಗಿ ಸೊನ್ನೆಯಾಗಬಹುದು. ಈಗಲೇ ಸೊನ್ನೆ ಮಾಡಿಬಿಟ್ಟರೆ ಆಗ ಪ್ಲಸ್ ಗ್ಲಾಸ್ ಕಾದಿರುತ್ತೆ. ನಲವತ್ತು ದಾಟಿದವರಿಗಂತೂ ಸ್ವಲ್ಪ ಮೈನಸ್ ಇದ್ದರೆ ಪೇಪರ್ ಓದಲು ಅನುಕೂಲ. ಹಾಗಾಗಿ ಜಾಣ ಡಾಕ್ಟರು ಎಷ್ಟೋ ಸಲ ಪೂರ್ತಿ ಸರಿಮಾಡುವುದಿಲ್ಲ, ಒಂಚೂರು ಬಾಕಿ ಇಡುತ್ತಾರೆ. ಕೆಲವರಿಗೆ ಲೇಸರೇ ಬೇಡ, ಕನ್ನಡಕ ಸಾಕು ಅಂತ ಕಳಿಸುತ್ತಾರೆ. ಕನ್ನಡಕ ಬಿಡಬೇಕು ಅಂತಲೇ ಕಣ್ಣು ಕೊಯ್ಸಿಕೊಂಡವರಿಗೆ ಈ ಮಾತು ಹೇಗೆ ಕೇಳಿಸಿರಬೇಡ.

ಫ್ಯೊದೊರೊವ್ ಆ ಹೊತ್ತಿಗೆ ರಾಜಕೀಯದಲ್ಲಿದ್ದರು. ಪಾರ್ಲಿಮೆಂಟಿಗೆ ಆಯ್ಕೆಯಾದರು. ಕಾರ್ಮಿಕರೇ ಸಂಸ್ಥೆಗೆ ಮಾಲೀಕರಾಗಬೇಕು ಅನ್ನೋದು ಅವರ ಹಟ. 1996ರಲ್ಲಿ ರಷ್ಯಾದ ಅಧ್ಯಕ್ಷ ಚುನಾವಣೆಗೂ ನಿಂತರು, ಸಿಕ್ಕಿದ್ದು 1%ಕ್ಕಿಂತ ಕಡಿಮೆ ಮತ. ಜನ ಕಣ್ಣು ತೋರಿಸೋಕೆ ಕ್ಯೂ ನಿಂತರು, ವೋಟ್ ಹಾಕೋಕೆ ನಿಲ್ಲಲಿಲ್ಲ. 2000ದ ಜೂನ್ 2ರಂದು ತಾಂಬೊವ್ ಶಾಖೆಯ ಕಾರ್ಯಕ್ರಮ ಮುಗಿಸಿ ಸಂಸ್ಥೆಯ ಹೆಲಿಕಾಪ್ಟರಿನಲ್ಲಿ ವಾಪಸ್ ಬರುತ್ತಿದ್ದಾಗ, ಮಾಸ್ಕೋ ಅಂಚಿನಲ್ಲಿ ಅದು ನೆಲಕ್ಕಪ್ಪಳಿಸಿತು. ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ಅವರಿಗೆ 72 ವರ್ಷ.

ಅಷ್ಟರಲ್ಲಿ ಆರ್‌ಕೆ ಹೆಚ್ಚುಕಡಿಮೆ ನಿಂತುಹೋಗಿತ್ತು. ಆದರೆ 70, 80ರ ದಶಕದಲ್ಲಿ ಗೆರೆ ಕೊಯ್ಸಿಕೊಂಡ ಹುಡುಗ ಹುಡುಗಿಯರು ಈಗ ಅಜ್ಜ ಅಜ್ಜಿಯರು. ಅವರಿಗೆ ಪೊರೆ ಬರುತ್ತಿದೆ, ಕಣ್ಣಿನೊಳಗೆ ಲೆನ್ಸ್ ಬೇಕಾಗಿದೆ. ಆ ಲೆನ್ಸಿನ ಪವರ್ ಹುಡುಕಲು ಬಳಸುವುದು 1967ರ ಆ ಸೂತ್ರದ ಮಕ್ಕಳು ಮೊಮ್ಮಕ್ಕಳನ್ನೇ. ತಮಾಷೆ ನೋಡಿ, ಆ ಲೆಕ್ಕ ಎಡವುವುದು ಇಂಥ ಕಣ್ಣುಗಳಲ್ಲೇ. ಮಾಮೂಲಿ ಮಾಪಕ ಕಾರ್ನಿಯಾದ ನಟ್ಟನಡುವನ್ನು ಬಿಟ್ಟು ಅದರ ಸುತ್ತಲಿನ ಉಂಗುರವನ್ನು ಅಳೆಯುತ್ತೆ. ಆರ್‌ಕೆ ಕಣ್ಣಿನಲ್ಲಿ ನಡುಭಾಗ ಅದಕ್ಕಿಂತ ಚಪ್ಪಟೆ. ಕಾರ್ನಿಯಾದ ಶಕ್ತಿ ಇದ್ದದ್ದಕ್ಕಿಂತ ಹೆಚ್ಚು ಅಂತ ಓದುತ್ತೆ, ಆರಿಸಿದ ಲೆನ್ಸ್ ದುರ್ಬಲವಾಗುತ್ತೆ, ರೋಗಿಗೆ ಮತ್ತೆ ಪ್ಲಸ್. ಅದಕ್ಕಾಗಿ ಈಗ ಬೇರೆ ತಿದ್ದುಪಡಿ ಸೂತ್ರಗಳಿವೆ. ಇಂಥ ರೋಗಿ ಬಂದಾಗ ಡಾಕ್ಟರು ಮೊದಲು ಸ್ಲಿಟ್ ಲ್ಯಾಂಪ್ ಮುಂದೆ ಕೂರಿಸಿ ಕಾರ್ನಿಯಾ ಮೇಲಿನ ಬಿಳಿ ಗೆರೆಗಳನ್ನು ಎಣಿಸುತ್ತಾರೆ. 4, 8 ಅಥವಾ 16. ಆ ಸಂಖ್ಯೆಯನ್ನು ಫೈಲಿನಲ್ಲಿ ಬರೆದುಕೊಂಡು, ಆಮೇಲೆ ಲೆಕ್ಕಕ್ಕೆ ಕೂರುತ್ತಾರೆ.